ಸಂಡೂರಿನ ಲಂಬಾಣಿ ಕಸೂತಿಗೆ ಅಷ್ಟೊಂದು ಬೆಲೆ ಯಾಕೆ? ಅಸಲಿ ಅಂತ ಗೊತ್ತಾಗೋದು ಹೇಗೆ?

ಕುಶನ್ ಕವರ್ ಕೊಳ್ಳುವಾಗ ಮೊದಲು ಅದನ್ನು ಒಳಮಗ್ಗುಲು ತಿರುಗಿಸಿ ನೋಡಿ. ಕೈಹೊಲಿಗೆಯಾದರೆ ಗಂಟುಗಳು ಕಾಣುತ್ತವೆ, ಎಳೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಅಡ್ಡಾದಿಡ್ಡಿ ಓಡಿರುತ್ತದೆ. ಯಂತ್ರದ್ದಾದರೆ ಹಿಂದೆ ಬೇರೆಯೇ ದಾರ, ಹೆಚ್ಚಾಗಿ ಬಿಳಿ, ಒಂದೇ ಸಮ ಇರುತ್ತದೆ. ಆಮೇಲೆ ಕನ್ನಡಿ. ಅದಕ್ಕೆ ತೂತು ಇರಲ್ಲ. ಸುತ್ತ ದಾರದ ಚೌಕಟ್ಟು ಹಾಕಿ, ಅದರ ಮೇಲೆ ಮತ್ತೆ ಹೊಲಿದು ಹಿಡಿದಿರುತ್ತಾರೆ. ಉಗುರಿನಿಂದ ಮೀಟಿದರೆ ಅಂಟು ಹಾಕಿದ್ದು ಎದ್ದು ಬರುತ್ತದೆ (ಅಂಗಡಿಯವರು ಬೈದರೆ ನಾನು ಜವಾಬ್ದಾರನಲ್ಲ!).

ಇಷ್ಟೆಲ್ಲ ಒಂದೊಂದೇ ಕನ್ನಡಿಗೆ, ಕೈಯಲ್ಲೇ. ಕವಡೆ, ತೇಪೆ ಬಟ್ಟೆ, ಅಂಚಿನ ಹೊಲಿಗೆ ಬೇರೆ. ನೀವು ಕೊಡೋ ದುಡ್ಡು ಬಟ್ಟೆಗಲ್ಲ, ಇದಕ್ಕೆಲ್ಲ ಹಿಡಿಯೋ ಸಮಯಕ್ಕೆ. ಸುಮ್ನೆ ಚೌಕಾಸಿ ಮಾಡಿದರೆ ಕಡಿಮೆಯಾಗೋದು ಹೊಲಿದ ತಾಂಡಾದ ಹೆಂಗಸಿನ ಕೂಲಿ, ಅಲ್ವಾ?

ಸಂಡೂರು ಲಂಬಾಣಿ ಕಸೂತಿಗೆ ಜಿಐ (ಭೌಗೋಳಿಕ ಸೂಚಕ, ಅಂದರೆ ಇದು ಈ ಊರಿನದೇ ಕಸುಬು ಅನ್ನೋ ಗುರುತು) ಮಾನ್ಯತೆ ಇದೆ. ಆದರೆ ಚೀಟಿ ನೋಡಿ ಸುಮ್ಮನಾಗಬೇಡಿ. ಹೊಲಿದವರು ಯಾವ ತಾಂಡಾದವರು, ಪೀಸಿಗೆ ಎಷ್ಟು ಕೊಟ್ಟಿರಿ ಅಂತ ಕೇಳಿ. ಬಳ್ಳಾರಿ ಕಡೆ ಬಂದರೆ ಸಂಡೂರು ಕುಶಲ ಕಲಾ ಕೇಂದ್ರದಲ್ಲೇ ಕೊಳ್ಳಬಹುದು.