ಹೂಳುವ ಊರಿನ ಕಥೆ

ನಮಸ್ಕಾರ. ಹೋದ ಸಂಚಿಕೆಯಲ್ಲಿ ನಾವು ಮೆಚ್ಚಿ ಬರೆದಿದ್ದ ‘ಶಿಕಿ’ ಮಾಂಗಾದ (ಜಪಾನಿ ಚಿತ್ರಕಥೆ; ಸತ್ತವರು ಎದ್ದು ಬಂದು ಊರವರ ರಕ್ತ ಹೀರುವ ಕಥೆ) ಹನ್ನೊಂದೂ ಸಂಪುಟ ಓದಿ ಮುಗಿಸಿ ಪತ್ರ ಬರೆದಿದ್ದೀರಿ. ತುಂಬಾ ಖುಷಿಯಾಯಿತು. ನಿಮ್ಮ ತಕರಾರು ಎರಡು. ಇದು ಡ್ರಾಕುಲಾನ ನಕಲು ಅನ್ನುವುದು ಒಂದು. ಇಂಥ ಭಯದ ಕಥೆಗೆ ಆ ವಿಚಿತ್ರ ಕೂದಲು, ಝಗಮಗ ಬಟ್ಟೆಯ ಚಿತ್ರಗಳು ಹೊಂದುವುದಿಲ್ಲ ಅನ್ನುವುದು ಇನ್ನೊಂದು. (ಇನ್ನೂ ಓದದವರು ಇಲ್ಲಿಗೇ ನಿಲ್ಲಿಸಿ, ಮುಂದೆ ಕಥೆಯ ಗುಟ್ಟುಗಳಿವೆ.)

ಸಾಲ ಪಡೆದದ್ದು ನಿಜ. ಈ ಮಾಂಗಾಕ್ಕೆ ಮೂಲವಾದ ಕಾದಂಬರಿ 1998ರಲ್ಲಿ ಬಂತು; ಅದನ್ನು ಬರೆದ ಫುಯುಮಿ ಒನೊ, ರಕ್ತ ಹೀರುವವರ ಬಗ್ಗೆಯೇ ಇರುವ ಸ್ಟೀಫನ್ ಕಿಂಗ್ ಅವರ ಕಾದಂಬರಿ ‘ಸೇಲಮ್ಸ್ ಲಾಟ್’ಗೇ ಅದನ್ನು ಅರ್ಪಿಸಿದ್ದಾರೆ. ಮುಚ್ಚಿಟ್ಟಿಲ್ಲ. ಆದರೆ ರಕ್ತ ಹೀರುವವರನ್ನು ಸುಮ್ನೆ ಎತ್ತಿ ಜಪಾನಿನಲ್ಲಿ ಇಡಲು ಆಗುವುದಿಲ್ಲ. ಅಲ್ಲಿ ಸತ್ತವರನ್ನು ಹೆಚ್ಚುಕಡಿಮೆ ಎಲ್ಲ ಕಡೆ ಸುಡುತ್ತಾರೆ. ಬೂದಿಯಾದವರು ಎದ್ದು ಬರುವುದು ಹೇಗೆ? ಅದಕ್ಕೇ ಒನೊ ಸೊತೊಬಾ ಅನ್ನುವ ಊರು ಕಟ್ಟಿದರು. ಸುಮಾರು 1,300 ಜನ, ಸುತ್ತ ಫರ್ ಮರದ ಕಾಡು. ಸಮಾಧಿಯ ಹತ್ತಿರ ನಿಲ್ಲಿಸುವ ಮರದ ಹಲಗೆ ಮಾಡಿ ಬದುಕಿದ ಊರು. ಆ ಹಲಗೆಯ ಹೆಸರೇ ಊರಿಗೂ. ಅಲ್ಲಿ ಇನ್ನೂ ಹೂಳುವ ಪದ್ಧತಿ ಉಳಿದಿದೆ. ಇಡೀ ಕಥೆ ನಿಂತಿರುವುದು ಆ ಮಣ್ಣಿನ ಮೇಲೆ.

ಭಯವೂ ಅಲ್ಲಿಂದಲೇ ಹುಟ್ಟುತ್ತದೆ. ಬೇಸಿಗೆ. ಮನೆಯಲ್ಲಿ ಯಾರೋ ಮಂಕಾಗುತ್ತಾರೆ. ಬಿಸಿಲಿಗೆ ಸುಸ್ತಾಗಿರಬೇಕು ಎಂದು ಮನೆಯವರು ಬಿಡುತ್ತಾರೆ. ಕೆಲವೇ ದಿನಗಳಲ್ಲಿ ಹೆಣ. ಡಾಕ್ಟರ್ ತೊಶಿಯೊ ಒಜಾಕಿ ಇದನ್ನು ಸಾಂಕ್ರಾಮಿಕ ರೋಗ ಎಂದೇ ನಂಬಿ ರಕ್ತ ಪರೀಕ್ಷೆ ಮಾಡುತ್ತಾ ಕೂರುತ್ತಾನೆ. ಕೊನೆಗೆ ಅವನ ಹೆಂಡತಿಯೇ ಸಾಯುತ್ತಾಳೆ. ಅಷ್ಟರಲ್ಲಿ ಅವನಿಗೆ ನಿಜ ಗೊತ್ತಾಗಿದೆ. ಅವನು ಹೂಳುವುದಿಲ್ಲ. ಕ್ಲಿನಿಕ್ಕಿನಲ್ಲೇ ಇಟ್ಟು, ಅವಳು ಏಳುವುದನ್ನು ಕಾಯುತ್ತಾನೆ. ಎದ್ದವಳನ್ನು ಕಟ್ಟಿಹಾಕಿ, ಇವರು ಯಾವುದರಿಂದ ಸಾಯುತ್ತಾರೆ ಎಂದು ಒಂದೊಂದೇ ಪ್ರಯೋಗ ಮಾಡುತ್ತಾನೆ. ಆ ಪುಟಗಳಲ್ಲಿ ನನಗೆ ಭಯ ಹುಟ್ಟಿಸಿದ್ದು ಡಾಕ್ಟರೇ. ನಿಮಗೂ ಹಾಗೇ ಅನ್ನಿಸಿತು ಅಲ್ವಾ?

ಇನ್ನು ಚಿತ್ರಗಳು. ಕಾದಂಬರಿಯನ್ನು ಮಾಂಗಾ ಮಾಡಿದ ರ್ಯೂ ಫುಜಿಸಾಕಿ ಅವರ ಕೈ ಮೊದಲ ಸಂಪುಟದಲ್ಲಿ ನನ್ನ ಕಣ್ಣಿಗೂ ಒಗ್ಗಲಿಲ್ಲ. ಕಾದಂಬರಿಯಲ್ಲಿ ನಡುವೆಯೇ ಮರೆಯಾಗುವ ಹುಡುಗ ನತ್ಸುನೊನನ್ನು ಅವರು ಕಥೆಯಲ್ಲಿ ಜಾಸ್ತಿ ದೂರ ಎಳೆದದ್ದೂ ನನಗೆ ಅಷ್ಟು ಹಿಡಿಸಲಿಲ್ಲ. ಆದರೆ ಊರು ತುಂಬ ಜನ, ಕಪ್ಪುಬಿಳುಪು ಪುಟ. ಹೆಸರು ಮರೆತರೂ ಆ ಕೂದಲು ನೆನಪಿರುತ್ತದೆ. ನಿನ್ನೆ ಹೂತವರು ಇವತ್ತು ಕಿಟಕಿಯ ಹೊರಗೆ ನಿಂತರೆ ಯಾರೆಂದು ತಟ್ಟನೆ ಗೊತ್ತಾಗುತ್ತದೆ.

ಮೆಗುಮಿಯನ್ನೇ ನೋಡಿ. ಪಟ್ಟಣದ ಕನಸು ಕಾಣುವ ಹುಡುಗಿ. ಫ್ಯಾಷನ್ ಬಟ್ಟೆ ತೊಟ್ಟು ಬೀದಿಗೆ ಬಂದರೆ ಮುದುಕಿಯರು ಆಡಿಕೊಳ್ಳುತ್ತಾರೆ. ಆ ಬಟ್ಟೆ ಆ ಊರಿಗೆ ಹೊಂದಲೇಬಾರದು. ಸತ್ತು ಎದ್ದ ಮೇಲೂ ಅವಳಿಗೆ ಅದೇ ಆಸೆ. ಊರವರು ಬೆನ್ನಟ್ಟುವಾಗ, ಅವಳು ಮಾಡಿದ್ದೆಲ್ಲ ಗೊತ್ತಿದ್ದೂ, ಅವಳು ತಪ್ಪಿಸಿಕೊಂಡು ಪಟ್ಟಣ ಸೇರಲಿ ಎಂದೇ ನಾನು ಪುಟ ತಿರುಗಿಸಿದೆ.