ನಾಣ್ಯ ತೆಗೆಯಿರಿ, ಆಟ ಬಿಡಬೇಡಿ

ಓದುಗರ ಪತ್ರ (ಸಂಕ್ಷಿಪ್ತವಾಗಿ):

ಸಂಪಾದಕರಿಗೆ ನಮಸ್ಕಾರ. ನಾನು ಮಂಡ್ಯದವನು. ಡಿಪ್ಲೊಮಾ ಮುಗಿಸಿ ಮೈಸೂರಿನ ಹೆಬ್ಬಾಳದಲ್ಲಿ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದೇನೆ. ರಾತ್ರಿ ಹೊತ್ತು ಕೂತು ಹುಲಿ-ಕುರಿ ಆಟವನ್ನು ಮೊಬೈಲ್ ಗೇಮ್ ಮಾಡುತ್ತಿದ್ದೇನೆ. ಚಿತ್ರಗಳೆಲ್ಲ ನನ್ನ ತಂಗಿಯವು. ಆಟದೊಳಗೆ ದುಡ್ಡು ಕೊಟ್ಟು ನಾಣ್ಯ ಕೊಳ್ಳಬಹುದು, ಅದನ್ನು ಪಣಕ್ಕಿಟ್ಟು ಬೇರೆಯವರ ಜೊತೆ ಆಡಬಹುದು. ವಾರಕ್ಕೊಂದು ಪಂದ್ಯ, 20 ರೂಪಾಯಿ ಪ್ರವೇಶ, ಗೆದ್ದವರಿಗೆ ನಗದು ಬಹುಮಾನ ಎಂದೂ ಯೋಚಿಸಿದ್ದೆವು. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ 2025ರ ಹೊಸ ಕಾಯಿದೆ ಬಂದ ಮೇಲೆ ಪರಿಚಯದ ವಕೀಲರು 'ಯಾಕಪ್ಪ ಬೇಕು, ಎಲ್ಲ ಅಳಿಸಿಹಾಕು' ಅಂದರು. ತಮ್ಮ ಸೆಪ್ಟೆಂಬರ್ ಸಂಪಾದಕೀಯ ಅದೇ ಕಾಯಿದೆಯನ್ನು ಹೊಗಳಿದೆ. ರಮ್ಮಿ ಕಂಪನಿಗೂ ನಮಗೂ ವ್ಯತ್ಯಾಸವೇ ಇಲ್ಲವೆ? ಇಂಟರ್ನೆಟ್ ಸ್ವಾತಂತ್ರ್ಯ ದೊಡ್ಡವರಿಗೆ ಮಾತ್ರವೆ?
— ಒಬ್ಬ ಓದುಗ, ಮಂಡ್ಯ (ಹೆಸರು ಹಾಕಬೇಡಿ ಎಂದಿದ್ದಾರೆ)

ಸಂಪಾದಕರ ಉತ್ತರ:

ಮಾನ್ಯರೆ,

ಮೊದಲು ಜಗಳದ ಮಾತು ಮುಗಿಸಿಬಿಡೋಣ. ಆ ಸಂಪಾದಕೀಯದ ಒಂದು ಸಾಲನ್ನೂ ನಾನು ವಾಪಸು ತೆಗೆದುಕೊಳ್ಳುವುದಿಲ್ಲ. ನಿಮ್ಮ ಸೀಮೆಯಲ್ಲಿ ಯುಗಾದಿ ಬಂತೆಂದರೆ ಇಸ್ಪೀಟು. ಇದು ನಿಮಗೂ ಗೊತ್ತು, ಪೊಲೀಸರಿಗೂ ಗೊತ್ತು. ಆದರೆ ಅಲ್ಲಿ ಜೇಬು ಖಾಲಿಯಾದವನು ಎದ್ದು ಹೋಗಬೇಕಿತ್ತು, ಏಳದಿದ್ದರೆ ಮನೆಯವರು ಬಂದು ಎಬ್ಬಿಸುತ್ತಿದ್ದರು. ಫೋನಿನ ರಮ್ಮಿಯಲ್ಲಿ ಎಬ್ಬಿಸುವವರಿಲ್ಲ. ಅದೇ ಫೋನಿನಲ್ಲಿ ಸಾಲ ಕೊಡುವ ಆ್ಯಪೂ ಇದೆ. ಕಬ್ಬಿನ ದುಡ್ಡು ಖಾತೆಗೆ ಬಿದ್ದ ರಾತ್ರಿಯೇ ಯುಪಿಐನಲ್ಲಿ ಕರಗಿಹೋದ ಮನೆಗಳು ನಿಮ್ಮ ಸುತ್ತಲೂ ಇವೆ. ಆ ವ್ಯಾಪಾರ ನಿಂತದ್ದಕ್ಕೆ ನನಗೆ ಬೇಸರವಿಲ್ಲ.

ನಿಮ್ಮ ಪ್ರಶ್ನೆ ಬೇರೆ. ರಮ್ಮಿಗೆಂದು ಬರೆದ ಕಾಯಿದೆ ಹುಲಿ-ಕುರಿಗೂ ತಾಗುತ್ತದೆಯೇ ಎಂಬುದು. ತಾಗುತ್ತದೆ. ಆದರೆ ಎಲ್ಲಿ ತಾಗುತ್ತದೆ, ಎಲ್ಲಿ ಇಲ್ಲ ಎಂದು ನೋಡುವ ಮೊದಲೇ ನಿಮ್ಮ ವಕೀಲರು ಎಲ್ಲವನ್ನೂ ಅಳಿಸಲು ಹೇಳಿದ್ದಾರೆ. ಅವರ ಕುರ್ಚಿಯಿಂದ ಅದು ಸುಲಭದ ಸಲಹೆ. ಅಳಿಸಿದ ಆಟದ ಮೇಲೆ ಯಾರೂ ಕೇಸು ಹಾಕುವುದಿಲ್ಲವಲ್ಲ!

ಇಲ್ಲಿ ನಮ್ಮ ಪತ್ರಿಕಾ ಕಸುಬಿನದೇ ಒಂದು ಹಳೆಯ ಕಥೆ ಹೇಳಬೇಕು. 1950ರ ಸುಮಾರಿನಲ್ಲಿ ಬೆಂಗಳೂರಿನಿಂದ, ಎಂದರೆ ಆಗಿನ ಮೈಸೂರು ರಾಜ್ಯದಿಂದ, 'ಸ್ಪೋರ್ಟಿಂಗ್ ಸ್ಟಾರ್' ಎಂಬ ವಾರಪತ್ರಿಕೆ ಬರುತ್ತಿತ್ತು. ಅದರಲ್ಲಿ ಆರ್‌ಎಂಡಿಸಿ ಕ್ರಾಸ್‌ವರ್ಡ್ಸ್ ಎಂಬ ಪದಬಂಧ ಸ್ಪರ್ಧೆ. ಶುಲ್ಕ ಕಟ್ಟಿ ತುಂಬಿ ಕಳಿಸಬೇಕು, ಸರಿ ಬಂದರೆ ಬಹುಮಾನ. ಪತ್ರಿಕೆಗೆ ಬೊಂಬಾಯಿ ರಾಜ್ಯದಲ್ಲೂ ಓದುಗರಿದ್ದರು. ಅಲ್ಲಿನ ಸರ್ಕಾರ 'ಇದು ಜೂಜು, ತೆರಿಗೆ ಕಟ್ಟಿ, ಲೈಸೆನ್ಸ್ ತೆಗೆದುಕೊಳ್ಳಿ' ಎಂದು ಹಿಂದೆ ಬಿತ್ತು. ಅಷ್ಟರಲ್ಲಿ ಕೇಂದ್ರವೂ 1955ರಲ್ಲಿ ಬಹುಮಾನ ಸ್ಪರ್ಧೆಗಳ ಕಾಯಿದೆ ತಂದು, ತಿಂಗಳಿಗೆ 1,000 ರೂಪಾಯಿಗಿಂತ ಹೆಚ್ಚು ಬಹುಮಾನ ಕೊಡುವ ಸ್ಪರ್ಧೆ ನಡೆಸಬಾರದೆಂದಿತು. ಎರಡೂ ಜಗಳ ಸುಪ್ರೀಂ ಕೋರ್ಟಿಗೆ ಹೋಗಿ 1957ರಲ್ಲಿ ತೀರ್ಪಾದವು. ಪದಬಂಧದವರು ತಮ್ಮ ಕೇಸು ಗೆಲ್ಲಲಿಲ್ಲ. ಆದರೆ ಕೋರ್ಟು ಒಂದು ಗೆರೆ ಎಳೆಯಿತು: ಆ ಕಾಯಿದೆ ತಡೆಯುವುದು ಜೂಜಿನ ಬಗೆಯ ಸ್ಪರ್ಧೆಗಳನ್ನು ಮಾತ್ರ, ಗೆಲುವು ಬಹುಪಾಲು ಕೌಶಲದ ಮೇಲೆ ನಿಂತ ಸ್ಪರ್ಧೆಗೆ ಅದು ತಗಲುವುದಿಲ್ಲ.

ಆ ಗೆರೆ 68 ವರ್ಷ ಬಾಳಿತು. 1968ರಲ್ಲಿ ಸುಪ್ರೀಂ ಕೋರ್ಟು ರಮ್ಮಿಯನ್ನು ಮುಖ್ಯವಾಗಿ ಕೌಶಲದ ಆಟ ಎಂದದ್ದೂ ಅದೇ ದಾರಿಯಲ್ಲಿ. ಆನ್‌ಲೈನ್ ರಮ್ಮಿ ಕಂಪನಿಗಳು ಇಷ್ಟು ವರ್ಷ ತಲೆಯೆತ್ತಿ ಜಾಹೀರಾತು ಕೊಟ್ಟದ್ದು ಆ ಮಾತಿನ ಬಲದಿಂದ. 2021ರಲ್ಲಿ ನಮ್ಮ ರಾಜ್ಯ ಸರ್ಕಾರ ಪೊಲೀಸ್ ಕಾಯಿದೆಗೆ ತಿದ್ದುಪಡಿ ತಂದು ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸಿದಾಗ, 2022ರ ಫೆಬ್ರುವರಿ 14ರಂದು ಹೈಕೋರ್ಟು ಆ ಭಾಗಗಳನ್ನು ರದ್ದು ಮಾಡಿದ್ದೂ ಇದೇ ಗೆರೆ ಹಿಡಿದು. ಆ ಕೇಸು ಹಾಕಿದವರು ಕಂಪನಿಗಳು, ಅವುಗಳ ಒಕ್ಕೂಟ. ಒಂಟಿಯಾಗಿ ಗೇಮ್ ಮಾಡುವವರು ಅಲ್ಲಿ ಯಾರಿದ್ದರು?

ಈಗ 2025ರ ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಕಾಯಿದೆ ಆ ಗೆರೆಯನ್ನೇ ಒರೆಸಿಹಾಕಿದೆ. ಕೌಶಲವಿರಲಿ, ಅದೃಷ್ಟವಿರಲಿ, ಎರಡೂ ಬೆರೆತಿರಲಿ, ಶುಲ್ಕವನ್ನೋ ಠೇವಣಿಯನ್ನೋ ಬೇರೆ ಪಣವನ್ನೋ ಕಟ್ಟಿ, ಗೆದ್ದರೆ ಲಾಭ ಬರುತ್ತದೆಂದು ಆಡಿದರೆ ಅದು ದುಡ್ಡಿನ ಆಟ. ಹುಲಿ-ಕುರಿಯಲ್ಲಿ ಕವಡೆಯಿಲ್ಲ, ದಾಳವಿಲ್ಲ, ಪೂರ್ತಿ ತಲೆಯ ಆಟ. ಐದು ವರ್ಷದ ಹಿಂದೆ ನಿಮ್ಮ 20 ರೂಪಾಯಿ ಪಂದ್ಯಕ್ಕೆ ಅದೊಂದೇ ಸಮರ್ಥನೆ ಸಾಕಿತ್ತು. ಇವತ್ತು ಸಾಲದು.

ನಾಣ್ಯದ ಕಥೆ ಇನ್ನೂ ಬಿಗಿ. ದುಡ್ಡು ಕೊಟ್ಟು ಕೊಂಡ ನಾಣ್ಯ, ಟೋಕನ್, ಕ್ರೆಡಿಟ್, ವಸ್ತು, ಹೆಸರು ಏನೇ ಇರಲಿ, ಪಣದ ಲೆಕ್ಕಕ್ಕೆ ಬರುತ್ತದೆ ಎಂದು ಕಾಯಿದೆ ಬಿಡಿಸಿ ಹೇಳಿದೆ. ಅಂಥ ಆಟ ನಡೆಸಿದವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ಜಾಹೀರಾತು ಮಾಡಿದವರಿಗೆ 2 ವರ್ಷ, 50 ಲಕ್ಷ. ಆಟ ನಡೆಸುವುದು ಜಾಮೀನುರಹಿತ ಅಪರಾಧ. ಅಧಿಕಾರಿಗಳು ವಾರಂಟ್ ಇಲ್ಲದೆ ಮನೆಯನ್ನೂ ಕಂಪ್ಯೂಟರನ್ನೂ ಶೋಧಿಸಬಹುದು. ಆಡಿದವರಿಗೆ ಶಿಕ್ಷೆಯಿಲ್ಲ, ಅದು ಒಳ್ಳೆಯದೇ.

ನನ್ನ ತಕರಾರು ಇಲ್ಲಿದೆ. ಕಬ್ಬಿನ ಗದ್ದೆಗೆ ಹಂದಿ ಬಾರದಿರಲೆಂದು ಬಿಟ್ಟ ಕರೆಂಟು ಬೇಲಿ ಹಂದಿಯನ್ನೇ ಆರಿಸಿ ಹೊಡೆಯುವುದಿಲ್ಲ. ಸಾವಿರಾರು ಕೋಟಿ ವಹಿವಾಟಿನ ಕಂಪನಿಗೆ 1 ಕೋಟಿ ದಂಡ ಒಂದು ಖರ್ಚು, ಮಂಡ್ಯದ ಹುಡುಗನಿಗೆ ಅದು ಇಡೀ ಜನ್ಮ. ಬಂಡವಾಳ ನೋಡಿ, ವಹಿವಾಟು ನೋಡಿ ಶಿಕ್ಷೆಗೆ ಮೆಟ್ಟಿಲು ಮಾಡಬಹುದಿತ್ತು. ಮೊದಲ ತಪ್ಪಿಗೆ ನೋಟಿಸು ಕೊಟ್ಟು ತಿದ್ದಿಕೊಳ್ಳಲು ಅವಕಾಶ ಕೊಡಬಹುದಿತ್ತು. ಇದನ್ನೆಲ್ಲ ಕೇಳುವುದಕ್ಕೆ ಯಾರಿಗೂ ಹೊತ್ತು ಸಿಗಲಿಲ್ಲ. ಆಗಸ್ಟ್ 20ಕ್ಕೆ ಲೋಕಸಭೆ, 21ಕ್ಕೆ ರಾಜ್ಯಸಭೆ, 22ಕ್ಕೆ ರಾಷ್ಟ್ರಪತಿಗಳ ಅಂಕಿತ. ಅಮೆರಿಕದಲ್ಲಿ ಪೈರಸಿ ತಡೆಯುವ ನೆಪದಲ್ಲಿ ಸೋಪಾ ಮಸೂದೆ ಬಂದಾಗ ಹೀಗಾಗಲಿಲ್ಲ. 2011ರ ಅಕ್ಟೋಬರಿನಲ್ಲಿ ಮಂಡನೆಯಾದದ್ದಕ್ಕೆ 2012ರ ಜನವರಿ 18ರಂದು ಇಂಗ್ಲಿಷ್ ವಿಕಿಪೀಡಿಯ ಇಡೀ ದಿನ ಬಾಗಿಲು ಹಾಕಿತು, ಆಗಿನ್ನೂ ಸಣ್ಣ ತಂಡದ ಕೈಯಲ್ಲಿದ್ದ ಮೈನ್‌ಕ್ರಾಫ್ಟ್ ಎಂಬ ಆಟ ಕೂಡ ತನ್ನ ಜಾಲತಾಣ ಮುಚ್ಚಿತು. ಎರಡೇ ದಿನಕ್ಕೆ ಮಸೂದೆ ಮೂಲೆಗೆ ಬಿತ್ತು. ಅಲ್ಲಿಯವರೆಗೆ ಬೆಂಬಲ ಕೊಡುತ್ತಿದ್ದ ದೊಡ್ಡ ಗೇಮ್ ಕಂಪನಿಗಳ ಸಂಘವೂ ಹಿಂದೆ ಸರಿಯಿತು. ಅವರಿಗೆ ಮೂರು ತಿಂಗಳಿತ್ತು, ನಮಗೆ ಮೂರು ದಿನ.

ಆದರೂ ನಿಮ್ಮನ್ನು ಒಂದು ಮಾತು ಕೇಳುತ್ತೇನೆ, ಬೇಜಾರಾಗಬೇಡಿ. ಈ ಕಾಯಿದೆಯ ಕರಡು ನಿಯಮಗಳು 2025ರ ಅಕ್ಟೋಬರ್ ಮೊದಲ ವಾರ ಹೊರಬಂದವು, ತಿಂಗಳ ಕೊನೆಯವರೆಗೆ ಜನರ ಅಭಿಪ್ರಾಯ ಕೇಳಿದ್ದರು. ನಿಮ್ಮ ಪತ್ರದ ತಾರೀಖು ನೋಡಿದರೆ ಅದು ಮುಗಿದ ಮೇಲಿನದು. ನಮಗೆ ಬರೆದ ಇದೇ ನಾಲ್ಕು ಪುಟ ಅಲ್ಲಿಗೂ ಹೋಗಿದ್ದರೆ ಫೈಲಿನಲ್ಲಾದರೂ ಇರುತ್ತಿತ್ತು. ದೊಡ್ಡ ಕಂಪನಿಗಳು ಇದಕ್ಕೆಂದೇ ಸಂಬಳ ಕೊಟ್ಟು ಜನರನ್ನು ಇಟ್ಟಿವೆ. ಕಾಯಿದೆಯ ವಿರುದ್ಧ ನಮ್ಮ ಹೈಕೋರ್ಟಿನ ಮೆಟ್ಟಿಲು ಮೊದಲು ಹತ್ತಿದ್ದೂ ಒಂದು ರಮ್ಮಿ ಕಂಪನಿಯೇ; ಅದರ ಅರ್ಜಿಯೂ ಬೇರೆ ಹೈಕೋರ್ಟುಗಳಲ್ಲಿದ್ದವೂ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟಿಗೆ ವರ್ಗವಾದವು. ರಮ್ಮಿಯವರು ತಮ್ಮ ವ್ಯಾಪಾರಕ್ಕಾಗಿ ವಾದಿಸುತ್ತಾರೆ, ನಿಮ್ಮ ಪರವಾಗಿ ಅಲ್ಲ.

ಈಗ ಕೆಲಸದ ಮಾತು. ನಾನು ವಕೀಲನಲ್ಲ, ಕಾಯಿದೆ ಓದಿ ನನಗೆ ತಿಳಿದದ್ದು ಹೇಳುತ್ತಿದ್ದೇನೆ. ನಾಣ್ಯ ಪಣಕ್ಕಿಡುವುದನ್ನು ಪೂರ್ತಿ ಕಿತ್ತುಹಾಕಿ. ಅದರ ಬಗ್ಗೆ ನನಗೆ ಕನಿಕರವೂ ಇಲ್ಲ. ಹತ್ತನೇ ಕ್ಲಾಸಿನ ಹುಡುಗ ಅಪ್ಪನ ಫೋನಿನಲ್ಲಿ ನಾಣ್ಯ ಕೊಂಡು ಸೋಲುವುದನ್ನು ನಿಮ್ಮ ತಂಗಿಯ ಚಿತ್ರ ಎಷ್ಟು ಚೆಂದವಿದ್ದರೂ ಒಪ್ಪಲಾಗದು. ಆದರೆ ಆಟವನ್ನೇ ಒಂದು ಬೆಲೆಗೆ ಮಾರುವುದಕ್ಕೆ ಅಡ್ಡಿಯಿಲ್ಲ. ಒಂದು ಸಲದ ಶುಲ್ಕ ಅಥವಾ ಚಂದಾ ಪಡೆಯುವ, ಪಣವಿಲ್ಲದ ಮನರಂಜನೆಯ ಆಟಕ್ಕೆ ಕಾಯಿದೆಯೇ ಜಾಗ ಬಿಟ್ಟಿದೆ. ಹೊಸ ಹಲಗೆ, ಹುಲಿಯ ಬೇರೆ ಬೇರೆ ರೂಪ ಮಾರಿ. ಗೆಲುವಿಗೂ ಅದಕ್ಕೂ ಸಂಬಂಧ ಇರಬಾರದು, ಕೊಂಡದ್ದನ್ನು ವಾಪಸು ದುಡ್ಡು ಮಾಡಿಕೊಳ್ಳುವ ದಾರಿಯೂ ಇರಬಾರದು. ಮೈಸೂರು ಗಂಜೀಫಾ ಎಂಬ ಹಳೆಯ ಚಿತ್ರದ ಇಸ್ಪೀಟೆಲೆಗಳ ಶೈಲಿಯಲ್ಲಿ ಒಂದು ಹಲಗೆ ಬರೆಯುವಂತೆ ತಂಗಿಗೆ ಹೇಳಿ. ಮುಮ್ಮಡಿ ಕೃಷ್ಣರಾಜ ಒಡೆಯರು ಚದುರಂಗದ ಸಮಸ್ಯೆಗಳನ್ನೂ ಹೊಸ ಹೊಸ ಆಟಗಳನ್ನೂ ಕಟ್ಟಿದ ಊರಿದು, ಸಾಮಗ್ರಿಗೆ ಬರವಿಲ್ಲ.

ಪಂದ್ಯ ಮಾಡಲೇಬೇಕೆಂದರೆ ಪ್ರವೇಶ ಶುಲ್ಕ ಬೇಡ. ಇ-ಕ್ರೀಡೆಗೆ, ಎಂದರೆ ಕ್ರೀಡೆಯಂತೆ ಪಂದ್ಯ ಕಟ್ಟಿ ಆಡುವ ವಿಡಿಯೊ ಗೇಮ್‌ಗೆ, ಶುಲ್ಕವನ್ನೂ ಬಹುಮಾನವನ್ನೂ ಕಾಯಿದೆ ಒಪ್ಪುತ್ತದಲ್ಲ ಎಂದು ನೀವು ಕೇಳಬಹುದು. ಅದು ಮಾನ್ಯತೆ ಪಡೆದು, ಈ ಕಾಯಿದೆ ಹೇಳುವ ಪ್ರಾಧಿಕಾರದಲ್ಲಿ ನೋಂದಣಿಯಾದ ಆಟಗಳಿಗೆ. ಸಣ್ಣ ಊರಿನ ಹುಲಿ-ಕುರಿ ಅಲ್ಲಿಗೆ ಮುಟ್ಟುವುದು ಯಾವಾಗಲೋ.

ಇನ್ನೊಂದು ಕಾಯಿದೆ ನಿಮ್ಮ ಪತ್ರದಲ್ಲಿ ಸುಳಿದೇ ಇಲ್ಲ, ನನಗೆ ಅದೇ ಹೆಚ್ಚು ಚಿಂತೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ. ಅದರ ಪ್ರಕಾರ 18 ತುಂಬದವರೆಲ್ಲ ಮಕ್ಕಳು. ಅವರ ಮಾಹಿತಿ ಪಡೆಯಬೇಕಾದರೆ ಅಪ್ಪ-ಅಮ್ಮನ ಒಪ್ಪಿಗೆ ಬೇಕು, ಅದೂ ಪರಿಶೀಲಿಸಿದ ಒಪ್ಪಿಗೆ. ಮಕ್ಕಳ ಚಲನವಲನ ಹಿಂಬಾಲಿಸುವಂತಿಲ್ಲ, ಅವರನ್ನು ಗುರಿಯಿಟ್ಟು ಜಾಹೀರಾತು ತೋರಿಸುವಂತಿಲ್ಲ. ತಪ್ಪಿದರೆ 200 ಕೋಟಿವರೆಗೆ ದಂಡ. ಸ್ಟಾರ್ಟಪ್‌ಗಳಿಗೆ ಕೆಲವು ವಿನಾಯಿತಿ ಕೊಡುವ ಅಧಿಕಾರವನ್ನು ಸರ್ಕಾರ ಇಟ್ಟುಕೊಂಡಿದೆ, ಆದರೆ ಮಕ್ಕಳ ಕುರಿತ ಈ ಸೆಕ್ಷನ್ ಆ ಪಟ್ಟಿಯಲ್ಲಿಲ್ಲ. ಹುಲಿ-ಕುರಿ ಆಡುವವರು ಯಾರು? ಅರ್ಧಕ್ಕರ್ಧ ಶಾಲೆಯ ಮಕ್ಕಳೇ ಇದ್ದಾರು. ಪ್ರತಿ ತಾಯಿಯ ಒಪ್ಪಿಗೆ ಪರಿಶೀಲಿಸುವ ವ್ಯವಸ್ಥೆ ಕಟ್ಟಲು ನಿಮ್ಮಿಂದಾಗದು. ಹಾಗಾಗಿ ಮಾಹಿತಿಯನ್ನೇ ಕೇಳಬೇಡಿ. ಲಾಗಿನ್ ಬೇಡ, ಫೋನ್ ನಂಬರ್ ಬೇಡ, ಅಂಕಗಳು ಅವರ ಫೋನಿನಲ್ಲೇ ಉಳಿಯಲಿ. ಆಟದೊಳಗೆ ಜಾಹೀರಾತು ಹಾಕುವುದಾದರೆ ಆ ಜಾಹೀರಾತಿನ ಕೋಡ್ ಏನೇನು ಬಾಚಿಕೊಳ್ಳುತ್ತದೆ ಎಂದು ಮೊದಲು ನೋಡಿ. ಬಾಚಿದ್ದು ಅದಾದರೂ ಉತ್ತರ ಹೇಳಬೇಕಾದವರು ನೀವೇ ಆಗಬಹುದು. ಇದು ಕಿರಿಕಿರಿಯ ಕಾಯಿದೆ, ಆದರೂ ಮಕ್ಕಳ ಫೋನಿನೊಳಗೆ ಇಣುಕುವವರು ಕಡಿಮೆಯಾದರೆ ನನಗೆ ಸಂತೋಷ.

ಸ್ವಾತಂತ್ರ್ಯದ ಪ್ರಶ್ನೆಗೆ ಬರುತ್ತೇನೆ. ಐಟಿ ಕಾಯಿದೆಯ 69ಎ ಸೆಕ್ಷನ್ ಕೆಳಗೆ ಸರ್ಕಾರ ಆ್ಯಪ್ ತಡೆಯಬಹುದು, 2009ರ ನಿಯಮಗಳ ಪ್ರಕಾರ ಆ ವ್ಯವಹಾರ ಗೋಪ್ಯ. 2020ರ ಸೆಪ್ಟೆಂಬರ್ 2ರಂದು ಪಬ್ಜಿ ಸೇರಿ 118 ಆ್ಯಪ್ ಹೋದವು. ಅದೇ ಆಟ ಹೆಸರು ಬದಲಿಸಿ ಬಿಜಿಎಂಐ ಆಗಿ ಬಂತು, 2022ರ ಜುಲೈನಲ್ಲಿ ಮತ್ತೆ ಮಾಯವಾಯಿತು, 2023ರ ಮೇನಲ್ಲಿ ಮತ್ತೆ ಬಂತು. ಹತ್ತು ತಿಂಗಳು ಬಾಗಿಲು ಮುಚ್ಚಿದರೂ ಉಸಿರಾಡುವ ಶಕ್ತಿ ಅದರ ಕಂಪನಿಗಿತ್ತು, ದೆಹಲಿಯಲ್ಲಿ ಕೂತು ಮಾತಾಡುವ ಜನರೂ ಇದ್ದರು.

ನಿಮ್ಮಂಥವರ ಆಟ ಹೋಗುವುದು ಹೀಗೆ ಪಟ್ಟಿಯಲ್ಲಿ ಹೆಸರು ಬಂದಲ್ಲ, ಮಧ್ಯದವರ ಕೈಯಲ್ಲಿ. 2024ರ ಡಿಸೆಂಬರಿನಲ್ಲಿ, ಒಂಟಿ ಡೆವಲಪರ್‌ಗಳು ತಮ್ಮ ಆಟ ಮಾರುವ ಇಚ್ ಡಾಟ್ ಐಒ ಎಂಬ ತಾಣ ಕೆಲವು ಗಂಟೆ ಪೂರ್ತಿ ಕಾಣೆಯಾಯಿತು. ಗೊಂಬೆ ಕಂಪನಿಯೊಂದರ ಬ್ರಾಂಡ್ ಕಾಯುವ ಸಾಫ್ಟ್‌ವೇರ್ ಒಂದು ಪುಟದ ಮೇಲೆ ದೂರು ಕೊಟ್ಟಿತ್ತು. ಆ ಪುಟ ತೆಗೆದಾದ ಮೇಲೂ ಡೊಮೇನ್ (ತಾಣದ ವಿಳಾಸದ ಹೆಸರು) ನೋಡಿಕೊಳ್ಳುವವರು ಇಡೀ ತಾಣವನ್ನೇ ಕಡಿದುಹಾಕಿದರು. ನ್ಯಾಯಾಧೀಶರಿಲ್ಲ, ವಿಚಾರಣೆಯಿಲ್ಲ. 2015ರಲ್ಲಿ, ಆನ್‌ಲೈನ್‌ನಲ್ಲಿ ಆಡಿದ ಮಾತಿಗೆ ಜೈಲಿಗೆ ಹಾಕುತ್ತಿದ್ದ ಐಟಿ ಕಾಯಿದೆಯ 66ಎ ಸೆಕ್ಷನ್ ರದ್ದು ಮಾಡಿದ ಅದೇ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ಕೋರ್ಟಿನ ಆದೇಶವೋ ಸರ್ಕಾರದ ಅಧಿಸೂಚನೆಯೋ ಇಲ್ಲದೆ ಖಾಸಗಿ ದೂರಿಗೆಲ್ಲ ತಾಣಗಳು ತಲೆಬಾಗಬೇಕಿಲ್ಲ ಎಂದಿತ್ತು. ಈಗ ಸರ್ಕಾರದ 'ಸಹಯೋಗ್' ಪೋರ್ಟಲ್ ಮೂಲಕ ನಾನಾ ಇಲಾಖೆಗಳು ತೆಗೆಯುವ ಸೂಚನೆ ಕಳಿಸುತ್ತವೆ. ಅದನ್ನು ಪ್ರಶ್ನಿಸಿದ ಎಕ್ಸ್ (ಹಿಂದಿನ ಟ್ವಿಟರ್) ಕಂಪನಿಯ ಅರ್ಜಿಯನ್ನು ನಮ್ಮ ಹೈಕೋರ್ಟು 2025ರ ಸೆಪ್ಟೆಂಬರ್ 24ರಂದು ವಜಾ ಮಾಡಿತು. ಸೂಚನೆ ಹೋಗುವುದು ತಾಣಕ್ಕೆ, ನಿಮಗಲ್ಲ. ನಿಮಗೆ ತಿಳಿಯುವ ಹೊತ್ತಿಗೆ ಆಟ ಇರುವುದಿಲ್ಲ. ಯಾರ ಆಟ ತೆಗೆಯುತ್ತಾರೋ ಅವರಿಗೆ ಕಾರಣ ಬರೆದು ತಿಳಿಸಬೇಕು ಎಂದು ಈ ಪತ್ರಿಕೆ ಒತ್ತಾಯಿಸುತ್ತದೆ. ಜೂಜಿನ ನಿಷೇಧವನ್ನು ಹೊಗಳಿದ್ದಕ್ಕೂ ಇದಕ್ಕೂ ವಿರೋಧವಿಲ್ಲ.

ತಂಗಿಯ ಹೆಸರಿನಲ್ಲಿ ಖಾತೆ ತೆರೆಯುವ ಮಾತು ಪತ್ರದ ಕೊನೆಯಲ್ಲಿತ್ತು. ಗೂಗಲ್ ಪ್ಲೇಯಲ್ಲಿ ದುಡ್ಡು ಪಡೆಯುವ ಖಾತೆಯಾದರೆ ಡೆವಲಪರ್‌ನ ಪೂರ್ತಿ ವಿಳಾಸ ಎಲ್ಲರಿಗೂ ಕಾಣುತ್ತದೆ. ಮನೆಯ ವಿಳಾಸ ಹಾಕುವ ಮುಂಚೆ ಇಬ್ಬರೂ ಕೂತು ಯೋಚಿಸಿ. ಹೊಸ ವೈಯಕ್ತಿಕ ಖಾತೆಯವರು ಕನಿಷ್ಠ 12 ಜನರಿಂದ 14 ದಿನ ಆಟ ಪರೀಕ್ಷೆ ಮಾಡಿಸಬೇಕೆಂಬ ನಿಯಮವೂ ಇದೆ. ಆ ಹನ್ನೆರಡು ಜನ ಸಿಗದೆ ಒದ್ದಾಡುವವರು ಬಹಳ. ನಿಮಗೆ ಆ ತೊಂದರೆ ಬೇಡ: ನಾಣ್ಯ ತೆಗೆದ ಆಟದ ಬಗ್ಗೆ ನಾಲ್ಕು ಸಾಲು ಬರೆದು ಕಳಿಸಿ, ಮುಂದಿನ ಸಂಚಿಕೆಯ ಪದಬಂಧದ ಕೆಳಗೆ ಪುಕ್ಕಟೆಯಾಗಿ ಹಾಕುತ್ತೇವೆ. ಆಂಡ್ರಾಯ್ಡ್ ಫೋನ್ ಇರುವ ಓದುಗರು ಪತ್ರಿಕೆಯ ವಿಳಾಸಕ್ಕೆ ಬರೆದರೆ ನಿಮಗೆ ದಾಟಿಸುತ್ತೇವೆ. ಪಂದ್ಯದ ಪ್ರಕಟಣೆಗೂ ಜಾಗವಿದೆ, ಪ್ರವೇಶ ಶುಲ್ಕ ಇಲ್ಲದಿದ್ದರೆ ಮಾತ್ರ.

— ಸಂಪಾದಕ