ಓದುಗರ ಪ್ರಶ್ನೆ: ಘಾಟಿಯಲ್ಲಿ ಶೇ 22 ಇದ್ದದ್ದು ಶೇ 9 ಆದದ್ದು ಹೇಗೆ?

ವಿದ್ಯುತ್ ವಾಹನಗಳ ಬ್ಯಾಟರಿ ಕಾಯುವ ಫರ್ಮ್‌ವೇರ್ (ಗಾಡಿಯ ಚಿಪ್ಪಿನೊಳಗೇ ಕೂತಿರುವ ಪ್ರೋಗ್ರಾಂ) ತಂಡವೊಂದನ್ನು ಬೆಂಗಳೂರಿನಲ್ಲಿ ಮುನ್ನಡೆಸುತ್ತಿರುವ ಎಂಜಿನಿಯರ್ ಈ ಬಾರಿ ಉತ್ತರಿಸಿದ್ದಾರೆ.

ಪ್ರಶ್ನೆ: ನನ್ನ ವಿದ್ಯುತ್ ಸ್ಕೂಟರಿಗೆ ಮೂರು ವರ್ಷ. ಕಳೆದ ತಿಂಗಳು ಹೆಂಡತಿಯನ್ನು ಕೂರಿಸಿಕೊಂಡು ಚಾರ್ಮಾಡಿ ಘಾಟಿ ಹತ್ತುತ್ತಿದ್ದೆ. ಚಾರ್ಜ್ ಶೇ 22 ಇತ್ತು. ಒಂದು ತಿರುವಿನಲ್ಲಿ ಗಾಡಿ ತಾನಾಗಿಯೇ ನಿಧಾನವಾಯಿತು, ನೋಡಿದರೆ ಶೇ 9! ಹತ್ತು ನಿಮಿಷ ನಿಂತ ಮೇಲೆ ಶೇ 13. ಷೋರೂಮಿನವರು ‘ಸಾಫ್ಟ್‌ವೇರ್ ಸಾರ್’ ಎಂದು ಕೈ ತೊಳೆದುಕೊಂಡರು. ಯಾವುದು ನಿಜ?
– ಓದುಗರು, ಬೆಳ್ತಂಗಡಿ

ಉತ್ತರ: ಮೂರೂ ಅಂದಾಜು. ಪೆಟ್ರೋಲ್ ಟ್ಯಾಂಕಿನೊಳಗೆ ತೇಲುವ ಬೆಂಡು ಮಟ್ಟವನ್ನು ಹೇಳಿಬಿಡುತ್ತದೆ. ಬ್ಯಾಟರಿಯಲ್ಲಿ ಅಂಥದ್ದಿಲ್ಲ. ನಮಗೆ ಅಳೆಯಲು ಸಿಗುವುದು ವೋಲ್ಟೇಜ್, ಕರೆಂಟ್ ಮತ್ತು ತಾಪ ಮಾತ್ರ. ಒಳಗೆ ಹೋದ, ಹೊರಗೆ ಬಂದ ಕರೆಂಟನ್ನು ಕಿರಾಣಿ ಅಂಗಡಿಯ ಉದ್ದರಿ ಪುಸ್ತಕದಂತೆ ಕೂಡಿಸಿ ಕಳೆಯುತ್ತಾ ಹೋಗುತ್ತೇವೆ. ಅಳತೆಯಲ್ಲಿ ಎಳ್ಳಷ್ಟು ತಪ್ಪಿದ್ದರೂ ಅದು ದಿನದಿನಕ್ಕೆ ಬೆಳೆಯುತ್ತದೆ. ಗಾಡಿ ಸುಮ್ಮನೆ ನಿಂತಾಗ ವೋಲ್ಟೇಜ್ ನೋಡಿ ಲೆಕ್ಕ ತಿದ್ದಿಕೊಳ್ಳಬಹುದು. ಆದರೆ ಎಲ್‌ಎಫ್‌ಪಿ (ಲಿಥಿಯಂ ಕಬ್ಬಿಣದ ಫಾಸ್ಫೇಟ್) ಸೆಲ್ಲುಗಳಲ್ಲಿ ಆ ದಾರಿಯೂ ಕಷ್ಟ. ಚಾರ್ಜ್ ಬಹುಪಾಲು ಇಳಿಯುವವರೆಗೂ ಅವು 3.2–3.3 ವೋಲ್ಟಿನ ಆಸುಪಾಸಿನಲ್ಲೇ ಕೂತಿರುತ್ತವೆ.

ನಿಮ್ಮ ಘಾಟಿಯ ಕಥೆಗೆ ಇನ್ನೊಂದು ಕಾರಣವಿದೆ. ಸ್ಕೂಟರ್ ಬ್ಯಾಟರಿಯಲ್ಲಿ ಸೆಲ್ಲುಗಳು ಸಾಲಾಗಿ ಕೂತಿರುತ್ತವೆ, ಹದಿನಾಲ್ಕು ಎಂದಿಟ್ಟುಕೊಳ್ಳಿ. ಇದು ಪಂಕ್ತಿ ಊಟ. ಒಬ್ಬರು ಎದ್ದರೆ ಉಳಿದವರ ಎಲೆಯಲ್ಲಿ ಅನ್ನವಿದ್ದರೂ ಊಟ ಮುಗಿದಂತೆ. ಹಳೆಯದಾದ ಸೆಲ್ಲಿಗೆ ಒಳರೋಧ, ಅಂದರೆ ಕರೆಂಟಿಗೆ ಒಳಗಿನ ತಡೆ, ಹೆಚ್ಚು. ಏರಿನಲ್ಲಿ ಇಬ್ಬರನ್ನು ಹೊರಲು ಮೋಟರು ಹೆಚ್ಚು ಕರೆಂಟ್ ಎಳೆದಾಗ ಅದೇ ಬಡಕಲು ಸೆಲ್ಲಿನ ವೋಲ್ಟೇಜ್ ಎಲ್ಲಕ್ಕಿಂತ ಮೊದಲು ಕುಸಿಯುತ್ತದೆ. ನಮ್ಮ ಪ್ರೋಗ್ರಾಂ ಸರಾಸರಿಯನ್ನು ನಂಬುವುದಿಲ್ಲ, ಆ ಒಂದು ಸೆಲ್ಲನ್ನು ನೋಡಿ ತೀರ್ಮಾನಿಸುತ್ತದೆ. ಗಾಡಿ ನಿಂತು ಕರೆಂಟ್ ಎಳೆತ ನಿಂತ ಮೇಲೆ ವೋಲ್ಟೇಜ್ ಚೇತರಿಸಿಕೊಂಡಿತು, ಶೇ 13 ಬಂತು.

ಗಾಡಿ ನಿಧಾನವಾಯಿತು, ನಿಲ್ಲಲಿಲ್ಲ. ಇದನ್ನು ಗಮನಿಸಿದಿರಾ? ನಮ್ಮ ತಂಡದಲ್ಲಿ ಅತಿ ಹೆಚ್ಚು ಜಗಳ ನಡೆಯುವುದೇ ಇದರ ಮೇಲೆ. ‘ಸಂಶಯ ಬಂದರೆ ಕರೆಂಟ್ ಕತ್ತರಿಸು’ ಎನ್ನುವುದು ಹೊಸಬರ ಉತ್ತರ. ಮೇಜಿನ ಮೇಲಿನ ಬ್ಯಾಟರಿಗೆ ಅದು ಸರಿ. ಹಿಂದೆ ಬಸ್ಸು ಹಾರನ್ ಹೊಡೆಯುತ್ತಿರುವ ತಿರುವಿನಲ್ಲಿ ಎಳೆತ ಸತ್ತರೆ ಬ್ಯಾಟರಿ ಉಳಿಯುತ್ತದೆ, ನೀವು? ಆದ್ದರಿಂದ ಸೆಲ್ ದುರ್ಬಲವಾದರೆ ಮೊದಲು ಎಚ್ಚರಿಕೆ, ಆಮೇಲೆ ವೇಗ ಕಡಿತ, ಕೊನೆಗೆ ನಿಲುಗಡೆ. ಶಾರ್ಟ್ ಸರ್ಕ್ಯೂಟ್ ಆದರೆ ಮಾತ್ರ ಕೇಳುವುದು ಹೇಳುವುದು ಇಲ್ಲ, ಕತ್ತರಿಸುವುದೇ. ಯಾವ ಅಪಾಯ ಎಷ್ಟು ಗಂಭೀರ, ಎಷ್ಟು ಸಲ ಎದುರಾದೀತು, ಸವಾರ ಸಂಭಾಳಿಸಬಲ್ಲನೇ ಎಂದು ಒಂದೊಂದಾಗಿ ತೂಗಲು ಐಎಸ್‌ಒ 26262 ಎಂಬ ವಾಹನ ಸುರಕ್ಷತೆಯ ಅಂತರರಾಷ್ಟ್ರೀಯ ಮಾನದಂಡವಿದೆ. 2018ರ ಆವೃತ್ತಿಯಲ್ಲಿ ದ್ವಿಚಕ್ರ ವಾಹನಗಳಿಗೂ ಒಂದು ಭಾಗ ಸೇರಿತು. ಕಳೆದ ಸಲ ಅಪಾಯಗಳ ಆ ಪಟ್ಟಿ ಮಾಡಲು ನಮಗೆ ಹನ್ನೊಂದು ವಾರ ಹಿಡಿಯಿತು, ಪ್ರೋಗ್ರಾಂ ಬರೆಯಲು ಮೂರು.

ಅಷ್ಟಾದರೂ 22ರಿಂದ 9ಕ್ಕೆ ಜಿಗಿದದ್ದಕ್ಕೆ ನನ್ನ ಕಸುಬಿನವರ ಪರವಾಗಿ ವಾದಿಸಲಾರೆ. ಆ ಸೆಲ್ಲಿನ ಸೊರಗು ವಾರಗಳ ಹಿಂದೆಯೇ ಲೆಕ್ಕದಲ್ಲಿ ಕಾಣಬೇಕಿತ್ತು. ಸರ್ವಿಸ್ ಕೇಂದ್ರದಲ್ಲಿ ‘ಪ್ರತಿ ಸೆಲ್ಲಿನ ವೋಲ್ಟೇಜ್ ತೋರಿಸಿ’ ಎಂದು ಕೇಳಿ. ಒಂದು ಸೆಲ್ ಮಾತ್ರ ಉಳಿದವುಗಳಿಂದ ತೀರಾ ಹಿಂದೆ ಬಿದ್ದಿದ್ದರೆ, ವಾರಂಟಿ ಮುಗಿಯುವ ಮೊದಲೇ ಲಿಖಿತವಾಗಿ ದೂರು ಕೊಡಿ.

ಪ್ರಶ್ನೆ: ಮೇಡಂ, ನಾನು ಎಲೆಕ್ಟ್ರಾನಿಕ್ಸ್ ಆರನೇ ಸೆಮಿಸ್ಟರ್. ನಿಮ್ಮ ಕ್ಷೇತ್ರಕ್ಕೆ ಬರಲು ಸಿ ಭಾಷೆ ಚೆನ್ನಾಗಿ ಬಂದರೆ ಸಾಕೇ?
– ವಿದ್ಯಾರ್ಥಿನಿ, ಹಾವೇರಿ

ಉತ್ತರ: ಬರಲೇಬೇಕು, ಸಾಲದು. ಅದೂ ಕಟ್ಟುನಿಟ್ಟಿನ ಸಿ: ವಾಹನಗಳ ಪ್ರೋಗ್ರಾಂ ಸುರಕ್ಷಿತವಾಗಿರಲೆಂದು ಮಾಡಿದ ಮಿಸ್ರಾ ನಿಯಮಗಳಲ್ಲಿ ಪ್ರೋಗ್ರಾಂ ಓಡುವಾಗ ಮೆಮೊರಿ ಬೇಡುವಂತಿಲ್ಲ, ಫಂಕ್ಷನ್ ತನ್ನನ್ನು ತಾನೇ ಕರೆದುಕೊಳ್ಳುವಂತಿಲ್ಲ.

ಸಂದರ್ಶನದಲ್ಲಿ ನಾನು ಕೇಳುವ ಪ್ರಶ್ನೆಯನ್ನೇ ಹೇಳಿಬಿಡುತ್ತೇನೆ. ತಾಪ ಅಳೆಯುವ ಥರ್ಮಿಸ್ಟರಿನ ತಂತಿ ಕಿತ್ತುಹೋಯಿತು. ನಿನ್ನ ಪ್ರೋಗ್ರಾಮಿಗೆ ಕಾಣುವ ಅಂಕಿ ಯಾವುದು? ಈ ಥರ್ಮಿಸ್ಟರುಗಳಲ್ಲಿ ತಾಪ ಏರಿದಂತೆ ರೋಧ ಇಳಿಯುತ್ತದೆ. ತಂತಿ ತುಂಡಾದರೆ ರೋಧ ಅನಂತ, ಅಂದರೆ ವಿಪರೀತ ಚಳಿ! ಏಪ್ರಿಲ್ ತಿಂಗಳ ರಾಯಚೂರಿನಲ್ಲಿ ಮೈನಸ್ 40 ಡಿಗ್ರಿ ಎಂದು ಓದಿಕೊಂಡು, ‘ಬಿಸಿಯಾಯಿತೇ?’ ಎಂದಷ್ಟೇ ಕೇಳುವ ಪ್ರೋಗ್ರಾಂ ಹಾಯಾಗಿ ಮಲಗಿರುತ್ತದೆ.

ಹೆಚ್ಚಿನವರು ಇಲ್ಲಿಯವರೆಗೆ ಬರುತ್ತಾರೆ. ನಾನು ಎಡವಿದ್ದು ಇದರಾಚೆ. ಪೀಣ್ಯದ ಪ್ರಯೋಗಾಲಯದಲ್ಲಿ ಒಂದು ಸಂಜೆ ಬ್ಯಾಟರಿಯೊಂದರ ಮೂರು ಸೆನ್ಸರುಗಳು 47, 48, 47 ಎನ್ನುತ್ತಿದ್ದವು, ನಾಲ್ಕನೆಯದು 31. ತಂತಿ ಸರಿಯಿತ್ತು, ಅಂಕಿಯೂ ಸಂಭವನೀಯ, ನಾನು ಬರೆದ ತಪಾಸಣೆಗಳೆಲ್ಲ ಪಾಸು. ಅಂಟು ಬಿಟ್ಟು ಸೆನ್ಸರು ಗಾಳಿಯಲ್ಲಿ ನೇತಾಡುತ್ತಿತ್ತು, ಕೋಣೆಯ ತಾಪವನ್ನು ಪ್ರಾಮಾಣಿಕವಾಗಿ ವರದಿ ಮಾಡುತ್ತಿತ್ತು! ಅದನ್ನು ಕಂಡದ್ದು ನನ್ನ ಪ್ರೋಗ್ರಾಮಲ್ಲ. ಮುಚ್ಚಳ ತೆಗೆದು ಕೈ ಹಿಡಿದು ನೋಡಿದ ಟೆಕ್ನೀಷಿಯನ್. ಅಂದಿನಿಂದ ಪ್ರತಿ ಸೆನ್ಸರನ್ನೂ ನೆರೆಯವುಗಳ ಜೊತೆ, ಹರಿಯುತ್ತಿರುವ ಕರೆಂಟಿನ ಜೊತೆ ತಾಳೆ ನೋಡುತ್ತೇವೆ. ನೀನು ಮೊದಲು ಒಂದು ಥರ್ಮಿಸ್ಟರ್ ಕೊಂಡು, ಅದನ್ನು ಎಷ್ಟು ಬಗೆಯಲ್ಲಿ ಕೆಡಿಸಬಹುದೆಂದು ಬರೆದುಕೊಂಡು ಬಾ.

ಪ್ರಶ್ನೆ: ರಾತ್ರಿಯಿಡೀ ಚಾರ್ಜ್‌ಗೆ ಹಾಕಿದರೆ ಬೆಂಕಿ ಹತ್ತುತ್ತದೆ ಎಂದು ಅತ್ತೆ ಹೆದರುತ್ತಾರೆ. ನಿಜವೇ?
– ಗೃಹಿಣಿ, ತುಮಕೂರು

ಉತ್ತರ: ಅವರ ಹೆದರಿಕೆ ಗಾಳಿಯಲ್ಲಿ ಹುಟ್ಟಿದ್ದಲ್ಲ. 2022ರಲ್ಲಿ ದೇಶದ ಹಲವೆಡೆ ಸ್ಕೂಟರುಗಳು ಹೊತ್ತಿ ಉರಿದವು. ಆಮೇಲೆ ಇಂಥ ವಾಹನಗಳ ಬ್ಯಾಟರಿ ಸುರಕ್ಷತೆಗೆಂದು ನಮ್ಮ ದೇಶದಲ್ಲಿರುವ ಎಐಎಸ್-156 ನಿಯಮಗಳನ್ನು ಬಿಗಿಗೊಳಿಸಿ, ಆ ವರ್ಷದ ಡಿಸೆಂಬರಿನಿಂದ ಮತ್ತು 2023ರ ಮಾರ್ಚ್ ಕೊನೆಯಿಂದ ಎರಡು ಹಂತದಲ್ಲಿ ಜಾರಿಗೆ ತಂದರು. ನಿಮ್ಮ ಗಾಡಿ ಅದಕ್ಕೂ ಹಿಂದಿನದಾದರೆ ಎಚ್ಚರದಲ್ಲಿರುವಾಗಲೇ ಚಾರ್ಜ್ ಮಾಡಿ. ಯಾವ ಗಾಡಿಯಾದರೂ ಸರಿ, ಅದರ ಜೊತೆ ಬಂದ ಚಾರ್ಜರನ್ನೇ ಬಳಸಿ. ಓಡಿಸಿ ತಂದ ಬ್ಯಾಟರಿ ಆರಲಿ. ಮೆಟ್ಟಿಲ ಕೆಳಗೆ, ಮನೆಯಿಂದ ಹೊರಹೋಗುವ ದಾರಿಗೆ ಅಡ್ಡವಾಗಿ ನಿಲ್ಲಿಸಬೇಡಿ. ಅತ್ತೆಗೆ ನನ್ನ ನಮಸ್ಕಾರ ತಿಳಿಸಿ.